ಪುರಸಭೆಯಿಲ್ಲದ ಊರಿನಲ್ಲಿ ಹನ್ನೆರಡು ವರ್ಷ

2012ರ ಬೇಸಿಗೆಯಲ್ಲಿ ನಾವು ಕ್ಯಾಲಿಫೋರ್ನಿಯಾದ ಮೌಂಟನ್ ಹೌಸ್‌ನಲ್ಲಿ ಮನೆ ಕೊಂಡಾಗ ಸಹಿ ಹಾಕಬೇಕಾಗಿದ್ದ ಕಾಗದಗಳ ಕಟ್ಟು ಗೇಣೆತ್ತರವಿತ್ತು. ಆ ಕಟ್ಟಿನ ನಡುವೆ ಎಲ್ಲೋ, ಆಸ್ತಿಯ ಚಕ್ಕುಬಂದಿ ವಿವರಿಸುವ ಹಾಳೆಯಲ್ಲಿ, ಈ ನಿವೇಶನವು ಸ್ಯಾನ್ ವಾಕೀನ್ ಕೌಂಟಿಯ ಅನ್‌ಇನ್‌ಕಾರ್ಪೊರೇಟೆಡ್ ಪ್ರದೇಶದಲ್ಲಿದೆ ಎಂಬ ಒಂದು ಸಾಲಿತ್ತು. ಆ ದಿನ ಅದರ ಅರ್ಥವನ್ನು ನಾನು ಕೇಳಲಿಲ್ಲ. ಸಾಲದ ಬಡ್ಡಿ, ಮಕ್ಕಳ ಶಾಲೆ, ಕಚೇರಿಗೆ ಹೋಗುವ ದೂರ, ಇಷ್ಟೇ ಆಗ ನಮ್ಮ ತಲೆಯಲ್ಲಿದ್ದವು.

ಅರ್ಥ ಕೇಳಿದವರು ನಮ್ಮ ತಂದೆ. ಅವರು ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯಿಂದ 1987ರ ಮಂಡಲ ಪಂಚಾಯಿತಿ ಚುನಾವಣೆಗೆ ನಿಂತು ಗೆದ್ದವರು. ಒಂದೇ ಅವಧಿಗೆ ಸದಸ್ಯರಾಗಿದ್ದರೂ, ಯಾವ ಚರಂಡಿ ಯಾರ ಲೆಕ್ಕದಲ್ಲಿ ಕಟ್ಟಿದ್ದು ಎಂಬುದು ಇಂದಿಗೂ ಅವರಿಗೆ ಬಾಯಿಪಾಠ. ಮನೆ ಕೊಂಡ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ಅವರು ಬೆಲೆ ಕೇಳಲಿಲ್ಲ. ಅದು ಯಾವ ಪಂಚಾಯಿತಿಗೆ ಸೇರುತ್ತದೆ, ಕಂದಾಯ ಯಾರಿಗೆ ಕಟ್ಟಬೇಕು, ನಲ್ಲಿ ನಿಂತರೆ ಯಾರನ್ನು ಕೇಳಬೇಕು ಎಂದು ಒಂದರ ಹಿಂದೊಂದು ಕೇಳಿದರು. ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದೆ. ಆ ವಿಚಾರಣೆ ಹನ್ನೆರಡು ವರ್ಷ ನಡೆಯಿತು. ಅದು ಮುಗಿಯುವ ಹೊತ್ತಿಗೆ ಊರಿನ ಕಾನೂನಿನ ಸ್ವರೂಪವೇ ಬದಲಾಗಿತ್ತು, ಆ ಬದಲಾವಣೆಯಲ್ಲಿ ನನ್ನದೂ ಒಂದು ಮತವಿತ್ತು.

ಕರ್ನಾಟಕದಲ್ಲಿ ಬೆಳೆದವರಿಗೆ ಅನ್‌ಇನ್‌ಕಾರ್ಪೊರೇಟೆಡ್ ಎಂಬ ಕಲ್ಪನೆ ಸುಲಭವಾಗಿ ಹತ್ತುವುದಿಲ್ಲ. ನಮ್ಮಲ್ಲಿ ಜನವಸತಿ ಇರುವ ಕಡೆಯೆಲ್ಲ ಗ್ರಾಮ ಪಂಚಾಯಿತಿಯೋ ಪಟ್ಟಣ ಪಂಚಾಯಿತಿಯೋ ಪುರಸಭೆಯೋ ಮಹಾನಗರ ಪಾಲಿಕೆಯೋ ಏನಾದರೊಂದು ಇದ್ದೇ ಇರುತ್ತದೆ. ಕ್ಯಾಲಿಫೋರ್ನಿಯಾದ ವ್ಯವಸ್ಥೆ ಬೇರೆ. ಇಡೀ ರಾಜ್ಯವನ್ನು 58 ಕೌಂಟಿಗಳಾಗಿ ಹಂಚಲಾಗಿದೆ. ಆ ಕೌಂಟಿಗಳ ಒಳಗೆ, ಅಲ್ಲಲ್ಲಿಯ ನಿವಾಸಿಗಳು ಮತ ಹಾಕಿ ಸ್ಥಾಪಿಸಿಕೊಂಡ ನಗರಗಳಿವೆ. ಆ ನಗರಗಳ ಎಲ್ಲೆಯಿಂದ ಹೊರಗೆ ಉಳಿದ ಭೂಮಿಯೆಲ್ಲ ಅನ್‌ಇನ್‌ಕಾರ್ಪೊರೇಟೆಡ್. ಅಲ್ಲಿ ಸ್ಥಳೀಯ ಸರ್ಕಾರ ಎಂದರೆ ಕೌಂಟಿಯೇ. ಅಂಥ ಭೂಮಿಯಲ್ಲಿ ಹೆಚ್ಚಿನದು ಹೊಲ, ಗುಡ್ಡ, ಕಾಡು ನಿಜ. ಆದರೆ ಲಕ್ಷಕ್ಕೂ ಮೀರಿ ಜನರಿರುವ ಈಸ್ಟ್ ಲಾಸ್ ಏಂಜಲೀಸ್ ಕೂಡ ಕಾನೂನಿನ ಕಣ್ಣಿನಲ್ಲಿ ನಗರವಲ್ಲ. ಜನಗಣತಿ ಇಲಾಖೆ ಇಂಥ ಜಾಗಗಳಿಗೆ ಲೆಕ್ಕದ ಅನುಕೂಲಕ್ಕಾಗಿ ಒಂದು ಗಡಿ ಎಳೆದು ಒಂದು ಹೆಸರಿಟ್ಟುಕೊಳ್ಳುತ್ತದೆ. ಆ ಗೆರೆಗೆ ಆಡಳಿತದ ಬಲವಿಲ್ಲ. ಅದರೊಳಗೆ ಮೇಯರ್ ಇಲ್ಲ, ನಗರ ಸಭೆ ಇಲ್ಲ.

ಮೌಂಟನ್ ಹೌಸ್ ಇರುವುದು ಸ್ಯಾನ್ ಫ್ರಾನ್ಸಿಸ್ಕೋದಿಂದ ಪೂರ್ವಕ್ಕೆ ಸುಮಾರು 95 ಕಿಲೋಮೀಟರ್ ದೂರದಲ್ಲಿ, ಆಲ್ಟಮಾಂಟ್ ಕಣಿವೆದಾರಿ ಇಳಿದು ಸೆಂಟ್ರಲ್ ವ್ಯಾಲಿಯ ಬಯಲು ಶುರುವಾಗುವ ಜಾಗದಲ್ಲಿ. ಪಶ್ಚಿಮಕ್ಕೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತ ಗುಡ್ಡಗಳು. ಮಳೆಗಾಲದ ಎರಡು ಮೂರು ತಿಂಗಳು ಅವು ಹಸಿರಾಗಿದ್ದು ಉಳಿದ ಕಾಲವೆಲ್ಲ ಒಣಹುಲ್ಲಿನ ಬಣ್ಣಕ್ಕಿರುತ್ತವೆ. ಉತ್ತರಕ್ಕೆ ಓಲ್ಡ್ ರಿವರ್ ಎಂಬ ಹೊಳೆ ಮತ್ತು ಡೆಲ್ಟಾದ ತಗ್ಗು ಹೊಲಗಳು, ದಕ್ಷಿಣಕ್ಕೆ 205ನೇ ಹೆದ್ದಾರಿ, ಪೂರ್ವಕ್ಕೆ ಟ್ರೇಸಿ ನಗರ. ಸಂಜೆ ಗುಡ್ಡದ ಕಡೆಯಿಂದ ಗಾಳಿ ಎಷ್ಟು ಬೀಸುತ್ತದೆಂದರೆ ನಮ್ಮ ಹಿತ್ತಿಲಿನ ಕರಿಬೇವಿನ ಕುಂಡವನ್ನು ಗೋಡೆಗೆ ಕಟ್ಟಿ ನಿಲ್ಲಿಸಬೇಕಾಯಿತು.

ಹೆಸರಿನಲ್ಲಿರುವ ‘ಹೌಸ್’ ಈಗ ಇಲ್ಲ. 1849ರ ಚಿನ್ನದ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕಡೆಯಿಂದ ಸ್ಟಾಕ್‌ಟನ್ ಮತ್ತು ಗಣಿಗಳತ್ತ ಹೊರಟವರು ಆಲ್ಟಮಾಂಟ್ ದಾಟಿದ ಮೇಲೆ ತಂಗುತ್ತಿದ್ದ ಒಂದು ದಾರಿಮನೆ ಇಲ್ಲೇ ಹತ್ತಿರದಲ್ಲಿತ್ತು. ಅದು ಮೊದಲು ನೀಲಿ ಡೇರೆಯಾಗಿ ಆರಂಭವಾಗಿ ಆಮೇಲೆ ಮಣ್ಣಿನ ಇಟ್ಟಿಗೆಯ ಕಟ್ಟಡವಾಯಿತಂತೆ. ಚಿನ್ನ ಹುಡುಕಲು ಹೊರಟವರ ತಂಗುದಾಣದ ಹೆಸರನ್ನು ಕಂಪ್ಯೂಟರ್ ಕೆಲಸ ಹುಡುಕಿಕೊಂಡು ಬಂದ ನಮ್ಮಂಥವರು ವಿಳಾಸವಾಗಿ ಬರೆದುಕೊಳ್ಳುತ್ತಿದ್ದೇವೆ ಎಂಬುದು ನನ್ನ ಮನಸ್ಸಿಗೆ ಹತ್ತಿರವಾದ ಸಂಗತಿ.

ಈಗಿನ ಊರು ತಾನಾಗಿ ಬೆಳೆದದ್ದಲ್ಲ, ನಕ್ಷೆಯ ಮೇಲೆ ಮೊದಲು ಹುಟ್ಟಿದ್ದು. ಸುಮಾರು 4,800 ಎಕರೆ ಹೊಲದಲ್ಲಿ, ಮುಂದೊಂದು ದಿನ 44,000 ಜನ ವಾಸಿಸಬಹುದಾದ ಹೊಸ ಊರಿನ ಯೋಜನೆಗೆ ಕೌಂಟಿ 1994ರಲ್ಲಿ ಒಪ್ಪಿಗೆ ಕೊಟ್ಟಿತು. ಹನ್ನೆರಡು ಬಡಾವಣೆಗಳು, ಪ್ರತಿ ಬಡಾವಣೆಯ ನಡುವೆ ಒಂದು ಶಾಲೆ ಮತ್ತು ಉದ್ಯಾನ, ಮಕ್ಕಳು ನಡೆದೇ ಶಾಲೆಗೆ ಹೋಗುವಂಥ ದಾರಿಗಳು, ಇದು ಯೋಜನೆಯ ತಿರುಳು. ಮನೆಗಳು ಏಳುವ ಮೊದಲೇ, 1996ರಲ್ಲಿ, ಸಮುದಾಯ ಸೇವಾ ಜಿಲ್ಲೆ ಎಂಬ ಒಂದು ಸಂಸ್ಥೆ ಸ್ಥಾಪನೆಯಾಯಿತು. ಮೊದಲ ನಿವಾಸಿಗಳು ಬಂದದ್ದು 2003ರಲ್ಲಿ. 2010ರ ಜನಗಣತಿಯಲ್ಲಿ 9,675 ಜನ, 2020ರಲ್ಲಿ 24,499. ಈ ಹತ್ತು ವರ್ಷಗಳ ಏರಿಕೆಯನ್ನು ನಾನು ಅಂಕಿಯಲ್ಲಿ ಓದುವ ಮೊದಲೇ ಬೆಳಗಿನ ಶಾಲಾ ದಟ್ಟಣೆಯಲ್ಲಿ ಕಂಡಿದ್ದೆ.

ತಂದೆಯ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮನೆ ಕೊಂಡ ವರ್ಷದ ಅಕ್ಟೋಬರಿನಲ್ಲಿ, ಆಸ್ತಿ ತೆರಿಗೆಯ ಮೊದಲ ಬಿಲ್ಲು ಬಂದಾಗ. ಬಿಲ್ಲು ಕಳಿಸುವುದು ಕೌಂಟಿ. ವರ್ಷಕ್ಕೆ ಎರಡು ಕಂತು; ಡಿಸೆಂಬರ್ 10 ಮತ್ತು ಏಪ್ರಿಲ್ 10 ದಾಟಿದರೆ ದಂಡ. ಕ್ಯಾಲಿಫೋರ್ನಿಯಾದಲ್ಲಿ 1978ರಿಂದ ಮೂಲ ತೆರಿಗೆ ಆಸ್ತಿಯ ನಿಗದಿತ ಮೌಲ್ಯದ ಶೇಕಡಾ ಒಂದರಷ್ಟಕ್ಕೆ ಮಿತಿಗೊಂಡಿದೆ ಎಂದು ನನಗೆ ಗೊತ್ತಿತ್ತು. ಆದರೆ ನಮ್ಮ ಬಿಲ್ಲಿನ ಮೊತ್ತ ಅದನ್ನು ಎಷ್ಟೋ ಮೀರಿತ್ತು. ಮೂಲ ತೆರಿಗೆಯ ಕೆಳಗೆ ರಸ್ತೆ, ಉದ್ಯಾನ, ಸಾರ್ವಜನಿಕ ಸುರಕ್ಷತೆ, ಲೋಕೋಪಯೋಗಿ ಕೆಲಸ ಎಂದು ಒಂದೊಂದಕ್ಕೂ ಬೇರೆ ಬೇರೆ ವಿಶೇಷ ತೆರಿಗೆಗಳು ಸಾಲಾಗಿದ್ದವು, ಶಾಲೆಯ ಬಾಂಡುಗಳದ್ದು ಪ್ರತ್ಯೇಕ. ನಗರವೇ ಅಲ್ಲದ ಜಾಗದಲ್ಲಿ ನಗರದವರಿಗಿಂತ ಹೆಚ್ಚು ತೆರಿಗೆ ಯಾಕೆ ಎಂದು ಅಂದು ನನಗೆ ಅನ್ನಿಸಿತು. ಅದೇ ತೆರಿಗೆ ಮುಂದೆ ಊರಿಗೆ ಆಧಾರವಾಗುತ್ತದೆ ಎಂಬುದು ತಿಳಿಯಲು ಹತ್ತು ವರ್ಷ ಬೇಕಾಯಿತು.

ಆ ಹಣ ಹೋಗುತ್ತಿದ್ದುದು ಸಮುದಾಯ ಸೇವಾ ಜಿಲ್ಲೆಗೆ. ಕುಡಿಯುವ ನೀರು, ಒಳಚರಂಡಿ, ಮಳೆನೀರಿನ ಕಾಲುವೆ, ಉದ್ಯಾನ, ರಸ್ತೆಯ ನಿರ್ವಹಣೆ, ಗ್ರಂಥಾಲಯದ ಏರ್ಪಾಡು, ಬೆಂಕಿ ನಂದಿಸುವ ಸೇವೆಯ ಗುತ್ತಿಗೆ, ಕೌಂಟಿಯ ಶೆರಿಫ್ ಇಲಾಖೆಯಿಂದ ಪಡೆಯುವ ಪೊಲೀಸ್ ಸೇವೆ, ಎಲ್ಲವೂ ಅದರ ಮೂಲಕವೇ. ಆರಂಭದಲ್ಲಿ ಕೌಂಟಿಯನ್ನು ನಡೆಸುವ ಚುನಾಯಿತ ಮೇಲ್ವಿಚಾರಕರೇ ಅದರ ಮಂಡಳಿಯಾಗಿದ್ದರು. ಜನವಸತಿ ಬೆಳೆದ ಮೇಲೆ ನಿವಾಸಿಗಳೇ ಆರಿಸಿದ ಐವರ ಮಂಡಳಿ ಬಂತು. ಅಂದರೆ ಪಂಚಾಯಿತಿಯ ಮುಕ್ಕಾಲು ಪಾಲು ಕೆಲಸ ಮಾಡುವ ಸಂಸ್ಥೆಯೊಂದು ನಮ್ಮಲ್ಲಿತ್ತು. ಉಳಿದ ಕಾಲು ಪಾಲು, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದು, ಎಲ್ಲಿ ಅಂಗಡಿ, ಎಲ್ಲಿ ಮನೆ ಎಂದು ನಿರ್ಧರಿಸುವ ಭೂಬಳಕೆಯ ಅಧಿಕಾರ, ಕೌಂಟಿಯ ಮುಖ್ಯ ಪಟ್ಟಣವಾದ ಸ್ಟಾಕ್‌ಟನ್‌ನಲ್ಲಿತ್ತು. ಕೌಂಟಿಯ ಐವರು ಮೇಲ್ವಿಚಾರಕರು ಇಡೀ ಕೌಂಟಿಗೆ ಉತ್ತರಿಸಬೇಕಾದವರು. ನಮ್ಮ ಊರಿನ ಭಾಗ ಅವರಲ್ಲಿ ಒಬ್ಬರ ಕ್ಷೇತ್ರದ ಒಂದು ಮೂಲೆಯಷ್ಟೇ. ಇದನ್ನು ತಂದೆಗೆ ವಿವರಿಸಿದಾಗ ಅವರು, ಹಾಗಾದರೆ ನೀರು ಬಿಡುವುದು ನಿಮ್ಮ ಕೈಯಲ್ಲಿದೆ, ಊರು ಬೆಳೆಸುವುದು ನಿಮ್ಮ ಕೈಯಲ್ಲಿಲ್ಲ ಎಂದರು. ಅದಕ್ಕಿಂತ ನಿಖರವಾದ ವಿವರಣೆಯನ್ನು ನಾನು ಯಾವ ದಾಖಲೆಯಲ್ಲೂ ಓದಲಿಲ್ಲ.

ನಾವು ಬಂದಾಗ ಊರಿನ ಮೇಲೆ ಒಂದು ಹಳೆಯ ನೋವಿನ ನೆರಳಿತ್ತು. 2008ರ ಗೃಹಸಾಲದ ಕುಸಿತದಲ್ಲಿ, ಮನೆಯ ಬೆಲೆಗಿಂತ ಸಾಲದ ಬಾಕಿಯೇ ಹೆಚ್ಚಾದವರ ಪ್ರಮಾಣ ಇಡೀ ದೇಶದಲ್ಲಿ ಇಲ್ಲಿಯೇ ಅತಿ ಹೆಚ್ಚು ಎಂದು ಪತ್ರಿಕೆಗಳು ಬರೆದಿದ್ದವು; ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳ ಸ್ಥಿತಿ ಹಾಗಿತ್ತು. ನಮ್ಮ ಎದುರು ಮನೆಯವರು ಆ ವರ್ಷಗಳನ್ನು ದಾಟಿ ಉಳಿದವರು. ಬೀದಿಯಲ್ಲಿ ಎಷ್ಟು ಹುಲ್ಲುಹಾಸುಗಳು ಒಣಗಿ ನಿಂತಿದ್ದವು, ಯಾವ ಮನೆಯವರು ರಾತ್ರೋರಾತ್ರಿ ಸಾಮಾನು ತುಂಬಿಕೊಂಡು ಹೊರಟರು ಎಂದು ಅವರು ಹೇಳುವಾಗ, ಅದೇ ಕುಸಿತದಿಂದಾಗಿ ನಮ್ಮ ಕೈಗೆಟಕುವ ಬೆಲೆಗೆ ಮನೆ ಸಿಕ್ಕಿತೆಂಬುದು ನನ್ನ ಮನಸ್ಸನ್ನು ಚುಚ್ಚುತ್ತಿತ್ತು.

ಊರಿಗೆ ಊರೆಂಬ ಗುರುತು ಇಲ್ಲದಿರುವುದು ಸಣ್ಣ ಸಣ್ಣ ಸಂದರ್ಭಗಳಲ್ಲಿ ಎದುರಾಗುತ್ತಿತ್ತು. ನಮ್ಮ ಪಿನ್ ಸಂಖ್ಯೆ 95391ನ್ನು ಒತ್ತಿದರೆ ಅನೇಕ ಅರ್ಜಿಗಳಲ್ಲಿ ಊರಿನ ಜಾಗದಲ್ಲಿ ತಾನಾಗಿ ಟ್ರೇಸಿ ಎಂದು ಮೂಡುತ್ತಿತ್ತು. ಎಷ್ಟು ಅಳಿಸಿದರೂ ಮತ್ತೆ ಅದೇ. ದಿನಸಿಗೂ ಔಷಧಿಗೂ ಹೆದ್ದಾರಿ ಹಿಡಿದು ಟ್ರೇಸಿಗೇ ಹೋಗಬೇಕಿತ್ತು, ಏಕೆಂದರೆ ಊರಿನೊಳಗೆ ದೊಡ್ಡ ದಿನಸಿ ಅಂಗಡಿ ಬಂದದ್ದು 2020ರಲ್ಲಿ. ಪ್ರೌಢಶಾಲೆ 2014ರಲ್ಲಿ ತೆರೆಯಿತು. ಅಂಗಡಿ ಬರುವವರೆಗಿನ ಎಲ್ಲ ವರ್ಷಗಳಲ್ಲಿ ನಾವು ಖರ್ಚು ಮಾಡಿದ ಹಣದ ಮಾರಾಟ ತೆರಿಗೆ ಪಕ್ಕದ ಊರುಗಳ ಬೊಕ್ಕಸ ಸೇರುತ್ತಿತ್ತು.

ಆದರೆ ನನ್ನನ್ನು ಮಂಡಳಿಯ ಸಭೆಗಳಿಗೆ ಎಳೆದು ತಂದದ್ದು ಮೂರನೆಯ ಪ್ರಶ್ನೆ, ನಲ್ಲಿಯ ಪ್ರಶ್ನೆ. 2015 ಕ್ಯಾಲಿಫೋರ್ನಿಯಾದ ಬರದ ನಾಲ್ಕನೆಯ ವರ್ಷ. ನಮ್ಮ ಊರಿಗೆ ನೀರು ಬರುತ್ತಿದ್ದುದು ಬೈರನ್ ಬೆಥನಿ ನೀರಾವರಿ ಜಿಲ್ಲೆ ಎಂಬ ಒಂದೇ ಮೂಲದಿಂದ. ಈ ರಾಜ್ಯದಲ್ಲಿ ನದಿಯ ನೀರಿಗೆ ಹಕ್ಕುಗಳಿವೆ, ಆ ಹಕ್ಕುಗಳಿಗೆ ವಯಸ್ಸಿದೆ. ನೀರು ಸಾಲದಾದಾಗ ಕಿರಿಯ ಹಕ್ಕುದಾರರು ಮೊದಲು ನಿಲ್ಲಿಸಬೇಕು, ಹಿರಿಯರು ಕೊನೆಗೆ. ಆ ಜೂನ್ 12ರಂದು ರಾಜ್ಯದ ಜಲ ಮಂಡಳಿ 1903ರಿಂದ ಈಚಿನ ಹಕ್ಕುಗಳವರೂ ನೀರೆತ್ತುವುದನ್ನು ನಿಲ್ಲಿಸಬೇಕೆಂದು ಸೂಚಿಸಿತು. ನಮ್ಮ ನೀರಾವರಿ ಜಿಲ್ಲೆಯ ಹಕ್ಕು 1914ರದ್ದು. ನೂರು ವರ್ಷ ಹಳೆಯದಾದ ಹಕ್ಕು ಹನ್ನೊಂದು ವರ್ಷದ ಅಂತರದಿಂದ ಗೆರೆಯ ಆಚೆ ಬಿತ್ತು. ಸಾವಿರಾರು ಮನೆಗಳ ನಲ್ಲಿಗೆ ಬದಲಿ ನೀರು ಹುಡುಕುವ ಹೊಣೆ ನಮ್ಮ ಪುಟ್ಟ ಸೇವಾ ಜಿಲ್ಲೆಯ ತಲೆಯ ಮೇಲೆ ಬಂತು.

ಆ ವಾರದ ಸಭೆಗೆ ನಾನು ಮೊದಲ ಸಲ ಹೋದೆ. ಊರಿನ ಪಕ್ಕದಲ್ಲೇ ಬೆಥನಿ ಜಲಾಶಯವಿದೆ, ಕೆಲವೇ ಮೈಲಿ ದೂರದ ಪಂಪುಗಳು ಡೆಲ್ಟಾದ ನೀರನ್ನು ಎತ್ತಿ ಕ್ಯಾಲಿಫೋರ್ನಿಯಾ ಅಕ್ವಡಕ್ಟ್ ಎಂಬ ಮಹಾಕಾಲುವೆಗೆ ಹಾಕುತ್ತವೆ, ಆ ನೀರು ನೂರಾರು ಮೈಲಿ ದಕ್ಷಿಣಕ್ಕೆ ಲಾಸ್ ಏಂಜಲೀಸಿನ ಕಡೆಯ ಕೋಟಿ ಜನರನ್ನು ಮುಟ್ಟುತ್ತದೆ. ಕಣ್ಣೆದುರು ಹರಿಯುವ ಆ ನೀರಿನಲ್ಲಿ ನಮಗೆ ಪಾಲಿಲ್ಲ ಎಂಬ ಮಾತನ್ನು ಸಭೆಯಲ್ಲಿ ಒಬ್ಬ ಅಜ್ಜಿ ಎದ್ದು ಹೇಳಿದಾಗ, ಬೇಸಿಗೆಯಲ್ಲಿ ನಾಲೆಯ ಪಕ್ಕದಲ್ಲೇ ತೋಟ ಒಣಗಿಸಿಕೊಂಡು ಕುಳಿತ ನಮ್ಮ ಕಡೆಯ ರೈತರು ನೆನಪಾದರು. ನಲ್ಲಿ ಬತ್ತಲಿಲ್ಲ, ಬದಲಿ ನೀರನ್ನು ಕೊಂಡು ಹೊಂದಿಸಲಾಯಿತು, ಹುಲ್ಲುಹಾಸುಗಳಿಗೆ ಕಡಿವಾಣ ಬಿತ್ತು, ಬಕೆಟ್ಟಿನಲ್ಲಿ ಹಿಡಿದ ಸ್ನಾನದ ನೀರಿನಿಂದ ನಾವು ಕರಿಬೇವನ್ನು ಉಳಿಸಿಕೊಂಡೆವು. ಅಂದಿನಿಂದ ತಿಂಗಳಿಗೊಮ್ಮೆಯಾದರೂ ಸಭೆಗೆ ಹೋಗುವುದು ರೂಢಿಯಾಯಿತು. ಪ್ರತಿ ನಿವಾಸಿಗೂ ಮಾತಿಗೆ ಮೂರು ನಿಮಿಷ. ನಾಗರಿಕತ್ವ ಯಾವ ದೇಶದ್ದೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಮತಪೆಟ್ಟಿಗೆ ಕೇಳುತ್ತದೆ. ನಾನು ಅಮೆರಿಕಕ್ಕೆ ಬಂದದ್ದು 2004ರಲ್ಲಿ, ಕೆಲಸದ ವೀಸಾ ಮೇಲೆ. ಹಸಿರು ಕಾರ್ಡಿಗೆ ಕಾದದ್ದು ಹತ್ತು ವರ್ಷಕ್ಕೂ ಹೆಚ್ಚು, ಅದು ಬಂದ ಮೇಲೆ ಐದು ವರ್ಷ ಕಳೆದು ನಾಗರಿಕತ್ವದ ಅರ್ಜಿ. 2021ರಲ್ಲಿ ಪ್ರಮಾಣವಚನ ತೆಗೆದುಕೊಂಡು ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿದ ದಿನ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಗಿತ್ತು. ತಂದೆ ಮಾತ್ರ, ಇಷ್ಟು ವರ್ಷ ಕಂದಾಯ ಕಟ್ಟಿದ ಊರಿನಲ್ಲಿ ಓಟು ಹಾಕದೆ ಇರುವುದು ಸರಿಯಲ್ಲ, ಆದದ್ದು ಒಳ್ಳೆಯದೇ ಆಯಿತು ಎಂದರು. ನಮ್ಮ ಬೀದಿಯ ಹದಿನಾರು ಮನೆಗಳಲ್ಲಿ ಹನ್ನೊಂದು ಭಾರತೀಯ ಮೂಲದವರದ್ದು. ಕನ್ನಡದ ಮನೆ ನಮ್ಮದೂ ಸೇರಿ ಎರಡು, ಉಳಿದವು ತೆಲುಗು, ಪಂಜಾಬಿ, ತಮಿಳು, ಗುಜರಾತಿ. ಅವುಗಳಲ್ಲಿ ಅರ್ಧದಷ್ಟರಲ್ಲಿ ಯಾರಿಗೂ ಮತದ ಹಕ್ಕಿರಲಿಲ್ಲ.

ಊರನ್ನು ನಗರವಾಗಿಸಬೇಕೆಂಬ ಮಾತು ನಾವು ಬಂದ ಕಾಲದಿಂದಲೂ ಇತ್ತು. ಅದು ಮಾತಾಗಿಯೇ ಉಳಿದದ್ದಕ್ಕೆ ಕಾರಣವಿತ್ತು. 2011ರಲ್ಲಿ ರಾಜ್ಯದ ಶಾಸನಸಭೆ ಒಂದು ಕಾಯಿದೆಯ ಮೂಲಕ, ಹೊಸ ನಗರಗಳಿಗೆ ಬರುತ್ತಿದ್ದ ವಾಹನ ಪರವಾನಗಿ ಶುಲ್ಕದ ಪಾಲನ್ನು ಬೇರೆಡೆಗೆ ತಿರುಗಿಸಿತು. ಹೊಸದಾಗಿ ಹುಟ್ಟುವ ನಗರಕ್ಕೆ ಮೊದಲ ವರ್ಷಗಳಲ್ಲಿ ಆ ಹಣವೇ ತಾಯಿಹಾಲಿನಂತೆ. ಆ ವರ್ಷದ ಜುಲೈ 1ರಂದು ಹುಟ್ಟಿದ ಜುರೂಪಾ ವ್ಯಾಲಿ, ಹುಟ್ಟುತ್ತಿದ್ದಂತೆಯೇ ಆ ಹೊಡೆತ ತಿಂದು ವರ್ಷಗಟ್ಟಲೆ ಒದ್ದಾಡಿತು. ಆಮೇಲೆ ರಾಜ್ಯದಲ್ಲಿ ಹೊಸ ನಗರವೇ ಹುಟ್ಟಲಿಲ್ಲ. ನಮ್ಮ ಊರು ಆ ತಡೆಯನ್ನು ದಾಟಬಹುದಾಗಿದ್ದುದು ಒಂದೇ ಕಾರಣಕ್ಕೆ: ಮೊದಲ ಬಿಲ್ಲಿನಲ್ಲಿ ನನ್ನನ್ನು ಕಂಗೆಡಿಸಿದ್ದ ಆ ವಿಶೇಷ ತೆರಿಗೆಗಳು. ರಸ್ತೆಗೂ ಉದ್ಯಾನಕ್ಕೂ ಸುರಕ್ಷತೆಗೂ ನಿವಾಸಿಗಳು ಮೊದಲಿನಿಂದಲೇ ಪ್ರತ್ಯೇಕವಾಗಿ ಕಟ್ಟುತ್ತ ಬಂದದ್ದರಿಂದ, ರಾಜ್ಯದ ಆ ಪಾಲಿಲ್ಲದೆಯೂ ನಗರ ನಡೆಯಬಲ್ಲದು ಎಂಬುದು ಲೆಕ್ಕದಲ್ಲಿ ತೋರಿಸಬಹುದಾಗಿತ್ತು.

ತೋರಿಸಬೇಕಾದದ್ದು ಕೌಂಟಿಯ ಸ್ಥಳೀಯ ಸಂಸ್ಥೆಗಳ ರಚನಾ ಆಯೋಗಕ್ಕೆ. ಇಲ್ಲಿ ಎಲ್ಲರೂ ಅದನ್ನು ಲಾಫ್ಕೋ ಎಂದೇ ಕರೆಯುತ್ತಾರೆ. 1963ರ ಕಾನೂನಿನಿಂದ ಹುಟ್ಟಿದ ಈ ಆಯೋಗ ಪ್ರತಿ ಕೌಂಟಿಯಲ್ಲೂ ಇದೆ. ನಗರಗಳ ಗಡಿ ಎಲ್ಲಿರಬೇಕು, ಹೊಸ ನಗರ ಹುಟ್ಟಬಹುದೇ ಎಂಬುದನ್ನು ಪರಿಶೀಲಿಸುವುದು ಅದರ ಕೆಲಸ. ಅರ್ಜಿ ಹಾಕಲು ಎರಡು ದಾರಿ: ನೋಂದಾಯಿತ ಮತದಾರರಲ್ಲಿ ಶೇಕಡಾ 25ರಷ್ಟು ಜನರ ಸಹಿ, ಇಲ್ಲವೇ ಸಂಬಂಧಪಟ್ಟ ಸ್ಥಳೀಯ ಸಂಸ್ಥೆಯ ನಿರ್ಣಯ. ನಮ್ಮಲ್ಲಿ ಸೇವಾ ಜಿಲ್ಲೆಯ ಮಂಡಳಿಯೇ ನಿರ್ಣಯ ಮಾಡಿ ಅರ್ಜಿದಾರನಾಯಿತು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಯನ್ನು ಪಟ್ಟಣ ಪಂಚಾಯಿತಿ ಮಾಡುವಾಗ ಸರ್ಕಾರ ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳುತ್ತದೆ. ಜನರ ಮತಕ್ಕೆ ಇಡುವುದಿಲ್ಲ. ಇಲ್ಲಿ ಆಯೋಗ ಒಪ್ಪಿದರೂ ಕೊನೆಯ ಮಾತು ನಿವಾಸಿಗಳದ್ದು. ಈ ವ್ಯತ್ಯಾಸವನ್ನು ತಂದೆ ಬಹಳ ಹೊತ್ತು ಯೋಚಿಸಿದರು.

ಅರ್ಜಿಯ ಜೊತೆಗೆ ಸಮಗ್ರ ಹಣಕಾಸಿನ ವಿಶ್ಲೇಷಣೆ ಎಂಬ ದೊಡ್ಡ ವರದಿ ಬೇಕು. ಸಾರ್ವಜನಿಕರ ಮುಂದಿಟ್ಟ ಆ ವರದಿಯನ್ನು ನಾನು ಮೂರು ವಾರ ರಾತ್ರಿ ಊಟದ ನಂತರ ಕುಳಿತು ಓದಿದೆ. ವೃತ್ತಿಯಿಂದ ನಾನು ತಂತ್ರಾಂಶ ಪರೀಕ್ಷಕಿ. ತಪ್ಪು ಹುಡುಕುವುದೇ ಅನ್ನದ ದಾರಿಯಾದ್ದರಿಂದ ತಾಳ್ಮೆ ಇತ್ತು. ವರದಿಯ ಹೃದಯ ಎಂದು ನನಗನ್ನಿಸಿದ್ದು ಆದಾಯ ಸಮತೋಲನ ಎಂಬ ಅಧ್ಯಾಯ. ಊರು ನಗರವಾದರೆ ಕೌಂಟಿಯ ಕೆಲವು ಆದಾಯಗಳು ಹೊಸ ನಗರಕ್ಕೆ ಹೋಗುತ್ತವೆ, ಕೆಲವು ಖರ್ಚುಗಳೂ ಹೋಗುತ್ತವೆ. ಹೋಗುವ ಆದಾಯ ಹೋಗುವ ಖರ್ಚಿಗಿಂತ ಹೆಚ್ಚಾಗಿದ್ದರೆ ಆ ನಷ್ಟವನ್ನು ಹೊಸ ನಗರ ಕೌಂಟಿಗೆ ತುಂಬಿಕೊಡಬೇಕು. ಯಾರೂ ಇನ್ನೊಬ್ಬರ ಹೊಟ್ಟೆಯ ಮೇಲೆ ಹೊಡೆದು ನಗರವಾಗಬಾರದು ಎಂಬುದು ಕಾನೂನಿನ ಆಶಯ. ನಮ್ಮ ಕಡೆ ಅಣ್ಣತಮ್ಮಂದಿರು ಭಾಗವಾಗುವಾಗ ಬಾವಿಯ ಪಾಲು, ಕೊಟ್ಟಿಗೆಯ ಪಾಲು, ಮನೆಯ ಸಾಲದ ಪಾಲು ಎಲ್ಲವನ್ನೂ ಪಂಚರ ಮುಂದೆ ಕುಳಿತು ಬರೆಯುವ ಪಾರೀಕತ್ತಿನ ನೆನಪು ಪುಟಪುಟಕ್ಕೂ ಬಂತು. ಈ ನಿಯಮವನ್ನು ಅಡ್ಡಿ ಎಂದು ಬೈದವರನ್ನು ನಾನು ಸಭೆಗಳಲ್ಲಿ ಕೇಳಿದ್ದೇನೆ. ನನಗೆ ಅದು ನ್ಯಾಯವಾಗಿಯೇ ಕಂಡಿತು.

2023ರಲ್ಲಿ ಆಯೋಗದ ವಿಚಾರಣೆಗೆಂದು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಸ್ಟಾಕ್‌ಟನ್‌ಗೆ ಹೋದೆ. ಮಾತನಾಡಲು ಚೀಟಿ ಬರೆದುಕೊಟ್ಟು ಕಾದು, ನನ್ನ ಸರದಿ ಬಂದಾಗ 2015ರ ನಲ್ಲಿಯ ಕಥೆಯನ್ನಷ್ಟೇ ಹೇಳಿದೆ. ಕೈ ನಡುಗುತ್ತಿತ್ತು. ಆಯೋಗ ಒಪ್ಪಿಗೆ ಕೊಟ್ಟು, ಪ್ರಶ್ನೆಯನ್ನು 2024ರ ಮಾರ್ಚ್ 5ರ ಚುನಾವಣೆಯಲ್ಲಿ ಮತಕ್ಕಿಡುವ ದಾರಿ ತೆರೆಯಿತು.

ಆ ಚಳಿಗಾಲದ ವಾರಾಂತ್ಯಗಳಲ್ಲಿ ನಾನು ಮತ್ತು ನೆರೆಯ ಇನ್ನೂ ಕೆಲವರು ನಮ್ಮ ಬಡಾವಣೆಯ ಮನೆಮನೆಗೆ ಹೋದೆವು. ಹೌದು ಎನ್ನಿ ಎಂದು ಕೇಳುವುದಕ್ಕಿಂತ ಹೆಚ್ಚಾಗಿ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂದು ಹೇಳುವುದೇ ನಮ್ಮ ಕೆಲಸವಾಯಿತು. ಎಲ್ಲ ಬಾಗಿಲಲ್ಲೂ ಮೊದಲ ಪ್ರಶ್ನೆ ತೆರಿಗೆ. ನಗರವಾದರೆ ವಿಶೇಷ ತೆರಿಗೆ ಹೋಗುತ್ತದೆಯೇ? ಇಲ್ಲ, ಹೋಗುವುದಿಲ್ಲ, ನಗರ ನಿಲ್ಲುವುದೇ ಅದರ ಮೇಲೆ ಎಂದು ನಾನು ನೇರವಾಗಿ ಹೇಳುತ್ತಿದ್ದೆ. ಇದರಿಂದ ಕೆಲವರ ಮುಖ ಸಪ್ಪಗಾಗುತ್ತಿತ್ತು. ಹೇಳದೆ ಮುಚ್ಚಿಟ್ಟು ಪಡೆದ ಒಪ್ಪಿಗೆ ನಾಳೆ ಊರನ್ನು ಒಡೆಯುತ್ತದೆ ಎಂಬುದು ಪಂಚಾಯಿತಿ ಕಂಡ ಮನೆಯಲ್ಲಿ ಬೆಳೆದ ನನಗೆ ಗೊತ್ತಿತ್ತು. ಪೊಲೀಸರು ಬದಲಾಗುತ್ತಾರೆಯೇ ಎಂದು ಕೇಳಿದವರಿಗೆ, ಶೆರಿಫ್ ಇಲಾಖೆಯೊಂದಿಗಿನ ಗುತ್ತಿಗೆಯನ್ನೇ ಮುಂದುವರಿಸುವ ಲೆಕ್ಕಾಚಾರವಿದೆ ಎಂದೆ. ಶಾಲೆಗಳು ಬೇರೆಯೇ ಆದ ಲ್ಯಾಮರ್ಸ್‌ವಿಲ್ ಶಾಲಾ ಜಿಲ್ಲೆಯ ಕೈಯಲ್ಲಿವೆ, ಅವಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವಿವರಿಸಬೇಕಾಯಿತು. ವಿರೋಧಿಸಿದವರಲ್ಲಿ ಒಬ್ಬ ನಿವೃತ್ತ ಶಿಕ್ಷಕರ ಮಾತು ನನ್ನನ್ನು ತುಂಬಾ ದಿನ ಕಾಡಿತು. ಅಂಗಡಿ, ಗೋದಾಮು, ಮಾರಾಟ ತೆರಿಗೆ ಎಂದು ಹೊಸ ನಗರ ಆದಾಯದ ಹಿಂದೆ ಬೀಳುತ್ತದೆ, ಆಗ ಈ ಬಡಾವಣೆಯ ನಡಿಗೆಯ ದಾರಿಗಳನ್ನು ಯಾರು ಕಾಯುತ್ತಾರೆ ಎಂದು ಅವರು ಕೇಳಿದರು. ಆ ಭಯಕ್ಕೆ ನನ್ನಲ್ಲಿದ್ದ ಉತ್ತರ ಒಂದೇ: ಅದನ್ನು ಕಾಯಬೇಕಾದವರು ನಾವೇ ಆಗುತ್ತೇವೆ, ಮತ್ತು ಸಭೆ ಊರಿನೊಳಗೇ ಇರುತ್ತದೆ.

ನನ್ನ ಜೊತೆ ಪ್ರತಿ ಶನಿವಾರ ನಡೆದವರು ನಮ್ಮ ಬೀದಿಯ ತೆಲುಗಿನ ನೆರೆಯವರು. ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲದಿಂದ ಈ ದೇಶದಲ್ಲಿದ್ದಾರೆ, ಹಸಿರು ಕಾರ್ಡಿನ ಸರದಿ ಇನ್ನೂ ಬಂದಿಲ್ಲ. ತಾನು ಹಾಕಲಾರದ ಮತದ ಬಗ್ಗೆ ಅಷ್ಟು ಮನೆಗಳ ಬಾಗಿಲಲ್ಲಿ ನಿಂತು, ಅಷ್ಟು ಸಮಾಧಾನದಿಂದ ವಿವರಿಸಿದ ಆ ಮನುಷ್ಯನಿಗೆ ನಮ್ಮ ಊರು ಋಣಿಯಾಗಿರಬೇಕು ಎಂದು ನಾನು ನಂಬಿದ್ದೇನೆ. ಅವರ ಮನೆಯಲ್ಲಿ ಮತದ ಹಕ್ಕಿದ್ದುದು ಒಬ್ಬಳಿಗೆ ಮಾತ್ರ: ಇಲ್ಲೇ ಹುಟ್ಟಿ, ಆ ಜನವರಿಯಲ್ಲಿ ಹದಿನೆಂಟು ತುಂಬಿದ ಮಗಳಿಗೆ.

ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಮತದಾರರ ಮನೆಗೂ ಮತಪತ್ರ ಅಂಚೆಯಲ್ಲಿ ಬರುತ್ತದೆ. ಅಧ್ಯಕ್ಷೀಯ ಪ್ರಾಥಮಿಕ ಚುನಾವಣೆಯ ಉದ್ದನೆಯ ಪಟ್ಟಿಯ ಜೊತೆಗೆ ‘ಮೆಷರ್ ಡಿ’ ಎಂಬ ಶೀರ್ಷಿಕೆಯಡಿ ನಮ್ಮ ಊರಿನ ಪ್ರಶ್ನೆ ಇತ್ತು. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಉಳಿದೆಲ್ಲವನ್ನೂ ಆಮೇಲೆ ತುಂಬೋಣವೆಂದು ಬಿಟ್ಟು, ಮೊದಲು ಆ ವೃತ್ತಕ್ಕೆ ಕಪ್ಪು ಶಾಯಿ ತುಂಬಿದೆ. ಲಕೋಟೆಗೆ ಸಹಿ ಹಾಕಿ, ನೆರೆಯ ಹುಡುಗಿಯೂ ನಾನೂ ಜೊತೆಯಾಗಿ ನಡೆದು ಹೋಗಿ ಸಂಗ್ರಹ ಪೆಟ್ಟಿಗೆಗೆ ಹಾಕಿದೆವು. ಅವಳ ತಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಫೋಟೋ ತೆಗೆದರು. ಎಣಿಕೆ ಮುಗಿದಾಗ ಮತ ಹಾಕಿದವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಜನ ಹೌದು ಎಂದಿದ್ದರು. ಗೆಲ್ಲುತ್ತೇವೆಂದು ನಂಬಿದ್ದೆ, ಇಷ್ಟರ ಮಟ್ಟಿಗೆ ಎಂದು ಎಣಿಸಿರಲಿಲ್ಲ.

2024ರ ಜುಲೈ 1ರಂದು ಮೌಂಟನ್ ಹೌಸ್ ಕ್ಯಾಲಿಫೋರ್ನಿಯಾದ 483ನೇ ನಗರವಾಯಿತು, ಜುರೂಪಾ ವ್ಯಾಲಿಯ ನಂತರ ಸರಿಯಾಗಿ ಹದಿಮೂರು ವರ್ಷಕ್ಕೆ. ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದೆ, ಅದೇ ನೀರು ಬಂತು. ಕಸದ ಲಾರಿ ಎಂದಿನ ಹೊತ್ತಿಗೆ ಬಂದು ಹೋಯಿತು. ನಾನು ತಂದೆಗೆ ಫೋನ್ ಮಾಡಿ, ಹನ್ನೆರಡು ವರ್ಷದ ಹಿಂದೆ ಕೇಳಿದ್ದ ಮೊದಲ ಪ್ರಶ್ನೆಗೆ ಉತ್ತರ ಹೇಳಿದೆ. ಅವರಿಗೆ ಆ ಪ್ರಶ್ನೆ ನೆನಪಿತ್ತು. ಸದಸ್ಯರು ಎಷ್ಟು ಜನ, ಸಭೆ ಯಾವ ವಾರ, ಹೆಣ್ಣುಮಕ್ಕಳು ಇದ್ದಾರೆಯೇ ಎಂದು ವಿಚಾರಿಸಿಕೊಂಡು, ಸಭೆಗೆ ಹೋಗುವುದನ್ನು ನಿಲ್ಲಿಸಬೇಡ ಎಂದರು.

ನಿಲ್ಲಿಸಿಲ್ಲ. ಕಾರ್ಯಸೂಚಿಯಲ್ಲಿ ಬರುವ ಹೆಚ್ಚಿನ ವಿಷಯಗಳು ಹಿಂದಿನವೇ: ಹುಲ್ಲು ಕತ್ತರಿಸುವ ಗುತ್ತಿಗೆ, ಕೊಳಚೆ ನೀರಿನ ಘಟಕದ ದುರಸ್ತಿ, ದೀಪದ ಕಂಬಗಳು. ಹೊಸದೆಂದರೆ ನಕ್ಷೆಗಳು, ಖಾಲಿ ಉಳಿದಿರುವ ಜಾಗಗಳಲ್ಲಿ ಏನು ಬರಬೇಕು ಎಂಬ ಚರ್ಚೆಗೆ ಈಗ ನಾನು ಸ್ಟಾಕ್‌ಟನ್‌ಗೆ ಹೋಗಬೇಕಾಗಿಲ್ಲ, ಮನೆಯಿಂದ ನಡೆದೇ ಹೋಗಬಹುದು. ಮೊನ್ನೆ ಪ್ರಾಥಮಿಕ ಶಾಲೆಯ ತಿರುವಿನಲ್ಲಿ ಮಕ್ಕಳು ರಸ್ತೆ ದಾಟುವ ಜಾಗಕ್ಕೆ ಮಿನುಗುವ ದೀಪ ಬೇಕೆಂದು ಕೇಳಲು ಹೋಗಿದ್ದೆ. ವಿರೋಧಿಸಿದ್ದ ಆ ನಿವೃತ್ತ ಶಿಕ್ಷಕರೂ ಅದೇ ಬೇಡಿಕೆ ಹಿಡಿದು ಬಂದಿದ್ದರು. ಇಬ್ಬರೂ ಒಂದೇ ಸಾಲಿನಲ್ಲಿ ಕುಳಿತೆವು. ಸಂಚಾರ ಸಮೀಕ್ಷೆ ಮಾಡಿಸಿ, ಶಾಲೆ ಮತ್ತೆ ತೆರೆಯುವ ಮೊದಲು ವರದಿ ತರಿಸುತ್ತೇವೆ ಎಂದಿದ್ದಾರೆ. ವರದಿ ಬರುವ ಸಭೆಗೆ ಬೇಗ ಹೋಗಿ ಮುಂದಿನ ಸಾಲಿನಲ್ಲೇ ಜಾಗ ಹಿಡಿಯಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.